ಹದಿನೆಂಟು ಬೋನು, ಒಂದು ನಾಯಿ

ಗಲ್ಫಿನ ಮರುಭೂಮಿಯ ಊರು ಮದೀನತ್ ಜಾಯೆದ್‌ನಿಂದ ಮುಕ್ಕಾಲು ಗಂಟೆ ಆಚೆ, ಮರಳಿನ ನಡುವಿನ ಒಂದು ಕೋಳಿ ಫಾರ್ಮಿನಲ್ಲಿ ನನ್ನ ಕೆಲಸ ನರಿ ಹಿಡಿಯುವುದು. ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಕುಂದಾಪುರ ಕಡೆಯವರಿಗೆ ಗಲ್ಫ್ ಅಂದರೆ ದುಬೈ, ದುಬೈ ಅಂದರೆ ಎಸಿ ಕೋಣೆ. ನಾನು ಪೆಸ್ಟ್ ಕಂಟ್ರೋಲ್ ಕಂಪನಿಯವ. ಮೊದಲು ದುಬೈಯ ಅಲ್ ಕೂಜ್‌ನ ಗೋಡೌನುಗಳಲ್ಲಿ ಇಲಿ, ಜಿರಲೆ ನೋಡಿಕೊಳ್ಳುತ್ತಿದ್ದೆ. ಆಮೇಲೆ ಬಡ್ತಿ ಅಂತ ಹೇಳಿ ಇಲ್ಲಿಗೆ ಕಳಿಸಿದರು. ಬಡ್ತಿಯಂತೆ, ಮಣ್ಣಾಂಗಟ್ಟಿ!

ಚಳಿಗಾಲದಲ್ಲಿ ನರಿಗಳು ಕೋಳಿ ವಾಸನೆ ಹಿಡಿದು ಬೇಲಿಯ ತನಕ ಬರುತ್ತವೆ. ಬೇಲಿಯ ಹೊರಗೆ ಸುತ್ತಲೂ ಹದಿನೆಂಟು ತಂತಿ ಬೋನು. ಪ್ರತಿ ಬೆಳಿಗ್ಗೆ ಮಂಜಿನಲ್ಲೇ ಹೊರಟು ಒಂದೊಂದನ್ನೂ ನೋಡಬೇಕು. ಬಿದ್ದ ನರಿಯನ್ನು ಕೊಲ್ಲುವಂತಿಲ್ಲ, ಗಾಡಿಯಲ್ಲಿ ದೂರ ಒಯ್ದು ಬಿಡಬೇಕು. ಖಾಲಿ ಬೋನಾದರೆ ನರಿಯ ಆಸೆಗೆ ಇಟ್ಟ ಹಳೆಯ ಮೀನು ತೆಗೆದು ಹೊಸತು ಇಡಬೇಕು. ಗಾಳಿ ಬೀಸಿದ ಮರುದಿನ ಮರಳಲ್ಲಿ ಕಾಲು ಮೀನಖಂಡದ ತನಕ ಹುಗಿಯುತ್ತದೆ. ಅದಕ್ಕೇ ಹಳೆಯ ಲಾರಿಯ ಮಡ್‌ಗಾರ್ಡಿನ ರಬ್ಬರನ್ನು ಊಟದ ತಟ್ಟೆಯಷ್ಟು ಅಗಲಕ್ಕೆ ಕೊಯ್ದು ಬೂಟಿನಡಿಗೆ ಹಗ್ಗದಲ್ಲಿ ಕಟ್ಟಿಕೊಳ್ಳುತ್ತಿದ್ದೆ. ಫಾರ್ಮಿನ ಫೋರ್‌ಮನ್ ವಿಜಯಪುರದವರು, ನನಗಿಂತ ಹತ್ತು ವರ್ಷ ದೊಡ್ಡವರು. ಮೊದಲ ದಿನ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನೋ ತಮ್ಮಾ, ಒಂಟೆ ಪಾದ ಮಾಡ್ಕೊಂಡಿಯಲ್ಲೋ!"

ನಾಯಿ ಎಲ್ಲಿಂದ ಬಂತೋ ಗೊತ್ತಿಲ್ಲ. ಒಂದು ದಿನ ಮೂರನೆಯ ಬೋನಿನ ಹತ್ತಿರ ನಿಂತಿತ್ತು. ಕಂದು ಬಣ್ಣದ ಮುದಿ ಹೆಣ್ಣು ನಾಯಿ, ಹಿಂದಿನ ಒಂದು ಕಾಲು ಕುಂಟು. ಓಡಿಸಿದೆ, ಹೋಗಲಿಲ್ಲ. ಹೆಸರು ಗಿಸರು ಇಡಲಿಲ್ಲ. ನಮ್ಮೂರಲ್ಲಿ ದಾರಿಯಲ್ಲಿ ಸಿಕ್ಕವರನ್ನು ಕರೆಯುವಂತೆ "ಹೋಯ್" ಅನ್ನುತ್ತಿದ್ದೆ, ಬರುತ್ತಿತ್ತು. ಇಡೀ ಸುತ್ತು ನನ್ನ ಜೊತೆಗೇ ಕುಂಟುತ್ತ ನಡೆಯುತ್ತಿತ್ತು. ಆ ಮಂಜಿನಲ್ಲಿ ಕುಂದಾಪುರದ ಕನ್ನಡ ಕೇಳುವ ಜೀವ ಅದೊಂದೇ. ಹೆಂಡತಿಯ ಮೇಲಿನ ಸಿಟ್ಟು, ಕಂಪನಿಯ ಮೇಲಿನ ಸಿಟ್ಟು, ಎಲ್ಲ ಅದಕ್ಕೇ ಹೇಳುತ್ತಿದ್ದೆ.

ತೆಗೆದ ಹಳೆಯ ಮೀನನ್ನು ಮರಳಲ್ಲಿ ಹುಗಿಯಬೇಕು ಅನ್ನುವುದು ಕಂಪನಿಯ ನಿಯಮ. ಆದರೆ ನಾನು ಮೀನುಗಾರರ ಮನೆಯವ, ಬೈಗೆಯಂಥ ಒಂದು ಸಣ್ಣ ಮೀನು ದಂಡವಾದರೂ ಅಮ್ಮ ಮೂರು ದಿನ ಬೈಯುತ್ತಿದ್ದಳು. ಹುಗಿಯಲು ಕೈ ಬರಲಿಲ್ಲ, ನಾಯಿಗೆ ಹಾಕಿದೆ. ಆಮೇಲೆ ಸೊಂಟ ನೋವು ಶುರುವಾಯಿತು. ಬಗ್ಗಿ ಬೋನಿನೊಳಗೆ ಕೈ ಹಾಕುವುದೇ ಕಷ್ಟ. ಬಾಗಿಲು ಎತ್ತಿ ಹಿಡಿದು "ಹೋಯ್, ತಿನ್ಕೊ" ಅಂದರೆ ಅದೇ ಒಳಗೆ ಹೋಗಿ ತಿಂದು ಬರುತ್ತಿತ್ತು. ಒಮ್ಮೊಮ್ಮೆ ಕೈ ಸೋತು ಬಾಗಿಲು ಬಿದ್ದರೂ ಹೆದರುತ್ತಿರಲಿಲ್ಲ, ನಾನು ತೆಗೆಯುವ ತನಕ ಸುಮ್ಮನೆ ಕೂತಿರುತ್ತಿತ್ತು. ನನಗೆ ಅದೊಂದು ತಮಾಷೆ. ಫೋರ್‌ಮನ್ ಅಣ್ಣ ಮಾತ್ರ ಬೈದರು. "ನಾಯಿ ವಾಸನಿ ಹತ್ತಿದ ಬೋನಿಗೆ ನರಿ ಬರತೈತೇನೋ? ಬುದ್ಧಿ ಐತಿಲ್ಲೋ ನಿನಗ?"

ಜನವರಿಯಲ್ಲಿ ಬೀದಿನಾಯಿಗಳ ಹಿಂಡೊಂದು ಪಕ್ಕದ ಆಡಿನ ದೊಡ್ಡಿಗೆ ನುಗ್ಗಿತು. ಅವರು ದೂರು ಕೊಟ್ಟರು, ನಾಯಿ ಹಿಡಿಯುವ ಗುತ್ತಿಗೆಯವರು ಬಂದು ದೊಡ್ಡ ಬೋನುಗಳನ್ನಿಟ್ಟರು. ಅದೇ ಸಮಯಕ್ಕೆ ನಾವು ಕೆಲಸಗಾರರು ಉಳಿಯುವ ಕ್ಯಾಂಪಿನಲ್ಲಿ ನಾಯಿ ಸಾಕಬಾರದೆಂದು ಕಂಪನಿಯಿಂದ ನನಗೊಂದು ವಾರ್ನಿಂಗ್ ಲೆಟರ್ ಬಂತು. ಯಾವನೋ ಚಾಡಿ ಹೇಳಿದ್ದ. ಅದರ ಬೆನ್ನಿಗೇ ವೀಸಾ ನವೀಕರಣದ ಮೆಡಿಕಲ್‌ಗೆ ದುಬೈಗೆ ಬಾ ಅಂದರು. ಹೋಗಿ ಬರಲು ಮೂರು ದಿನ. ದೊಡ್ಡ ಬೋನುಗಳು ನನ್ನ ಕಣ್ಣಿಗೂ ಬಿದ್ದಿದ್ದವು. ನಮ್ಮದು ಹುಷಾರಿ ನಾಯಿ, ಅದರೊಳಗೆ ಯಾಕೆ ಹೋಗುತ್ತದೆ ಅಂದುಕೊಂಡೆ. ಎಂಥ ಮೂರ್ಖ ನಾನು! ಅದಕ್ಕೆ ಬೋನಿನ ಹೆದರಿಕೆ ಬಿಡಿಸಿದವನೇ ನಾನು ಅನ್ನುವುದು ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಮೆಡಿಕಲ್ ಸೆಂಟರಿನಲ್ಲಿ ಟೋಕನ್ ಹಿಡಿದು ಕೂತಿದ್ದೆ. ಪಕ್ಕದಲ್ಲಿ ವೀಸಾದ ಕಾಗದಪತ್ರ ನೋಡಿಕೊಳ್ಳುವ ಕಂಪನಿಯ ಪಿಆರ್‌ಓ, ಅವನ ತೊಡೆಯ ಮೇಲೆ ನನ್ನ ಫೈಲು. ಫೋರ್‌ಮನ್ ಅಣ್ಣನ ಫೋನು ಬಂತು.

"ತಮ್ಮಾ, ನಾಯಿ ಹಿಡಿಯಾವ್ರ ಬೋನಿನ್ಯಾಗ ಕುಂಟ ನಾಯಿ ಬಿದ್ದೈತಿ. ಇದು ನಿಮ್ದೇನು ಅಂತ ಕೇಳಾಕತ್ತಾರ. ಏನ್ ಹೇಳ್ಲಿ?"

ಪಿಆರ್‌ಓ ಮಲೆಯಾಳಿ, ಅವನಿಗೆ ಕನ್ನಡ ಅರ್ಥವಾಗುತ್ತಿತ್ತೋ ಇಲ್ಲವೋ ದೇವರೇ ಬಲ್ಲ. ನನಗೆ ಆ ಲೆಟರು, ಆ ಫೈಲು, ಊರಲ್ಲಿ ಇನ್ನೂ ಅರ್ಧದಲ್ಲಿರುವ ಮಗಳ ಓದು, ಎಲ್ಲ ಒಟ್ಟಿಗೇ ಕಣ್ಮುಂದೆ ಬಂತು.

"ನಮ್ದಲ್ಲ ಅಣ್ಣ" ಅಂದೆ.

"ಬರೋಬರಿ ಹೇಳು."

"ಅಲ್ಲ ಅಂದ್ನಲ್ಲ ಅಣ್ಣ. ನಂಗೆಂತ ಗೊತ್ತಿಲ್ಲ."

"ಆತು ಬಿಡು" ಅಂದು ಅವರು ಫೋನಿಟ್ಟರು. ನನ್ನ ಟೋಕನ್ ನಂಬರು ಕೂಗಿದರು, ರಕ್ತ ಕೊಡಲು ಒಳಗೆ ಹೋದೆ.

ಮೂರನೆಯ ದಿನ ಸಂಜೆ ಫಾರ್ಮಿಗೆ ಬಂದಾಗ ಅಣ್ಣ ಚಹಾ ಕೊಟ್ಟು ಎದುರಿಗೆ ಕೂತರು. ನಾನು ಕೇಳುವ ಮೊದಲೇ ಶುರು ಮಾಡಿದರು. ಆ ಹಿಂಡಿನ ಒಂದು ನಾಯಿಯೂ ಬೋನಿನ ಹತ್ತಿರ ಸುಳಿಯಲಿಲ್ಲವಂತೆ. ಬಿದ್ದದ್ದು ಇದೊಂದೇ. "ಬಾಗ್ಲಾ ಬಿದ್ರೂ ಬೊಗಳಿಲ್ಲ, ಒದ್ದಾಡಿಲ್ಲ. ಯಾರೋ ಬಂದು ತೆಗೀತಾರಂತ ಕುಂತಂಗ ಕುಂತಿತ್ತು ನೋಡು."

ಚಹಾದ ಲೋಟ ಕೆಳಗಿಟ್ಟೆ.

"ಅಣ್ಣ, ನೀವ್ ನಮ್ದ್ ಅಂತ ಹೇಳುಕಾಗ್ಲಿಲ್ಯಾ?"

ಅವರಿಗೆ ಸಿಟ್ಟು ಬಂತು. "ನೀನ ಅಲ್ಲ ಅಂದಿ! ಲೆಟರ್ ಬಂದೈತಿ, ಸಾಕಾಗೈತಿ ನಿನಗ ಅನ್ಕೊಂಡೆ. ನಿನ್ನ ಹೆಸರಿಗೆ ಬರಸು ಅಂದೆನೇನು? ಹೂಂ ಅಂದಿದ್ರ ಸಾಕಿತ್ತು, ಫಾರ್ಮಿನ ಕಾವಲು ನಾಯಿ ಅಂತ ಬರಸಿ ಬಿಡಿಸ್ಕೋತಿದ್ದೆ. ಮಾಲಕರಿಗೂ ಹೇಳಿಟ್ಟಿದ್ದೆ."

ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ಇಲ್ಲಿ ಉಂಡದ್ದು ಅದು, ಎರಡು ಬಗೆದದ್ದು ನಾನು. ಅಣ್ಣನ ಎದುರಿಗೇ ಅತ್ತೆ, ನಾಚಿಕೆಯಾಗಲಿಲ್ಲ. ಅವರು ತಮ್ಮ ಫೋನಿನಿಂದ ಗುತ್ತಿಗೆಯವನ ನಂಬರು ಹುಡುಕಿ ಕೊಟ್ಟರು.

ಫೋನು ಮಾಡಿದೆ. ಎತ್ತಿದವನು ಪೇಶಾವರದ ಕಡೆಯವನಿರಬೇಕು, ಒರಟು ಹಿಂದಿ. ಕುಂಟ ನಾಯಿ ಅಂದ ಕೂಡಲೇ ಅವನಿಗೆ ನೆನಪಾಯಿತು. ಒಳ್ಳೆಯ ನಾಯಿ, ಅಂದ. ಮನುಷ್ಯರ ಕೈ ಕಂಡದ್ದು ಅನ್ನಿಸಿತು, ಯಾರಾದರೂ ಹುಡುಕಿಕೊಂಡು ಬಂದಾರು ಅಂತ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡಿದ್ದೆವು. ಯಾರೂ ಬರಲಿಲ್ಲ. ಮುದಿಯಾಗಿತ್ತು, ಯಾರೂ ಸಾಕುವವರಿಲ್ಲ, ಇವತ್ತು ಬೆಳಿಗ್ಗೆ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಖಲಾಸ್.

ಬೆಳಿಗ್ಗೆ ನಾನು ದುಬೈಯಿಂದ ಬರುವ ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಿದ್ದೆ.

"ಯಾಕೆ ಭಾಯ್" ಅಂತ ಅವನು ಕೇಳಿದ. "ಅದು ನಿಮ್ಮದಾ?"

"ಹೌದು" ಅಂದೆ. "ನನ್ನದು."