ತಪ್ಪೇ ಇಲ್ಲದ ಒಂದು ಮಧ್ಯಾಹ್ನ

ನಮ್ಮ ಮನೆಯಲ್ಲಿ ನನಗೆ ಮಾದರಿಯೆಂದು ತೋರಿಸುತ್ತಿದ್ದದ್ದು ಅವ್ವನ ತಂಗಿಯನ್ನು, ನನ್ನ ಚಿಕ್ಕವ್ವನನ್ನು. ನಾವಿದ್ದದ್ದು ತಿ. ನರಸೀಪುರದಿಂದ ಬನ್ನೂರಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಚಿಕ್ಕವ್ವನನ್ನು ಕೊಟ್ಟಿದ್ದದ್ದು ನಂಜನಗೂಡಿನ ಹತ್ತಿರದ ಕಳಲೆಗೆ. ಅವಳ ರಂಗೋಲಿಯಲ್ಲಿ ಒರೆಸಿದ ಗುರುತು ಕಾಣುತ್ತಿರಲಿಲ್ಲ, ರಾಗಿಮುದ್ದೆಯಲ್ಲಿ ಗಂಟು ಸಿಗುತ್ತಿರಲಿಲ್ಲ. "ಅವಳ್ ಕೈ ನೋಡಿ ಕಲ್ತ್ಕೊ" ಎಂದು ಅವ್ವ ಪ್ರತಿ ಬೇಸಿಗೆ ರಜೆಗೂ ನನ್ನನ್ನು ಅಲ್ಲಿಗೆ ಅಟ್ಟುತ್ತಿದ್ದಳು. ನಾನೂ ಅಂಥವಳೇ ಆಗುತ್ತಿದ್ದೆ. ನೋಟ್ಸಿನಲ್ಲಿ ಒಂದಕ್ಷರ ತಪ್ಪಿದರೆ ಹಾಳೆ ಕಿತ್ತು ಮೊದಲಿನಿಂದ ಬರೆಯುತ್ತಿದ್ದೆ. ಗೊತ್ತಿರುವ ಉತ್ತರಕ್ಕೂ ತರಗತಿಯಲ್ಲಿ ಕೈ ಎತ್ತುತ್ತಿರಲಿಲ್ಲ.

ಎಂಟನೇ ತರಗತಿ ಮುಗಿದ ಬೇಸಿಗೆ, ತೊಂಬತ್ತರ ದಶಕದ ಕೊನೆಯಲ್ಲಿ, ಆ ಕೈಗೆ ಅಷ್ಟು ಅಚ್ಚುಕಟ್ಟು ಎಲ್ಲಿಂದ ಬಂತೆಂದು ತಿಳಿಯಿತು. ಬಿಸಿನೀರಿನ ಹಂಡೆಯ ಒಲೆಗೆ ಸೌದೆ ತುಂಬಲು ಬಚ್ಚಲಿಗೆ ಹೋದೆ. ಮೈ ತೊಳೆಯುತ್ತಿದ್ದ ಚಿಕ್ಕವ್ವ ಗಾಬರಿಯಿಂದ ಸೀರೆ ಎಳೆದುಕೊಂಡಳು. ಅಷ್ಟರಲ್ಲಿ ನಾನು ನೋಡಿಯಾಗಿತ್ತು. ಬೆನ್ನ ತುಂಬಾ ಬೆಲ್ಟಿನ ಬರೆಗಳು. ಕೆಲವು ಕಪ್ಪುಗಟ್ಟಿದ್ದವು, ಎರಡು ಇನ್ನೂ ಹಸಿಯಾಗಿದ್ದವು.

"ನಂದೇ ತಪ್ಪು ಕಣ್ ಮಗ. ಸಾರ್ಗೆ ಉಪ್ಪು ಜಾಸ್ತಿ ಆಗೋಗಿತ್ತು" ಎಂದಳು.

ಉಪ್ಪಲ್ಲದಿದ್ದರೆ ಅನ್ನದಲ್ಲಿ ಕಲ್ಲು, ಕಲ್ಲಲ್ಲದಿದ್ದರೆ ಚೊಂಬಿನ ತಳದಲ್ಲಿ ಮಸಿ. ಚಿಕ್ಕಪ್ಪನಿಗೆ ಕಾರಣ ಸಿಗದಂತೆ ನೋಡಿಕೊಂಡರೆ ಹೊಡೆತ ತಪ್ಪುತ್ತದೆ ಎಂದು ಅವಳು ನಂಬಿದ್ದಳು. ನಾನೂ ನಂಬಿದೆ. ಅಂದಿನಿಂದ ಅಕ್ಕಿಯನ್ನು ಇಬ್ಬರೂ ಸರದಿಯಂತೆ ಎರಡೆರಡು ಸಲ ಆರಿಸಿದೆವು. ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆವು. ಉಪ್ಪನ್ನು ನಾನು ನೋಡಿದ ಮೇಲೆ ಅವಳು ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಎಲ್ಲವೂ ಸರಿಯಿತ್ತು. ಚಿಕ್ಕಪ್ಪ ಗದ್ದೆಯಿಂದ ಬಂದು ಉಣ್ಣಲು ಕೂತ. ಮುದ್ದೆ ಮುರಿದ, ಸಾರಿಗದ್ದಿದ, ನುಂಗಿದ. ನೆಲ ನೋಡಿದ, ಚೊಂಬೆತ್ತಿ ತಳ ನೋಡಿದ. ಬಾಗಿಲ ಹಿಂದೆ ನಿಂತಿದ್ದ ನಾನು ಗೆದ್ದೆವು ಎಂದುಕೊಂಡೆ. ಚಿಕ್ಕವ್ವನ ಮುಖದಲ್ಲೂ ಅಂಥದೇ ಏನೋ ಹಾದುಹೋಗಿರಬೇಕು.

"ಏನಮ್ಮಿ ಅಂಗ್ ನೋಡ್ತಾ ಇದ್ದೀಯೆ?" ಎಂದ. "ಏನೂ ತಪ್ಪ್ ಸಿಗ್ನಿಲ್ಲ ಅಂತ ಕೊಬ್ಬಾ?"

ತಟ್ಟೆಯನ್ನು ಒದ್ದ. ಜಡೆ ಹಿಡಿದು ಎಳೆದು ಅವಳ ಹಣೆಯನ್ನು ಒರಳುಕಲ್ಲಿಗೆ ಅಪ್ಪಳಿಸಿದ. ಮತ್ತೊಮ್ಮೆ ಅಪ್ಪಳಿಸಿದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ನಾಚಿಕೆಯಾಗುತ್ತದೆ, ಆ ಹೊತ್ತಿನಲ್ಲೂ ನಾನು ಯೋಚಿಸಿದ್ದು ಎಲ್ಲಿ ತಪ್ಪಿತು ಎಂದೇ. ಕಲ್ಲು, ಉಪ್ಪು, ಚೊಂಬು. ಏನೂ ತಪ್ಪಿರಲಿಲ್ಲ. ಅದು ಹೊಳೆದ ಕೂಡಲೇ ಒಲೆಯ ಪಕ್ಕದಲ್ಲಿದ್ದ ಮುದ್ದೆ ಕೋಲು ನನ್ನ ಕೈಯಲ್ಲಿತ್ತು.

ಮೊದಲ ಏಟು ಕಂಬಕ್ಕೆ ಬಿತ್ತು. ಎರಡನೆಯದು ಅವನ ಮೊಣಕೈಗೆ ಬಿದ್ದು ಲಟಕ್ಕೆಂದಿತು. ಜಡೆ ಬಿಟ್ಟು ನನ್ನತ್ತ ತಿರುಗಿ ಬಾರಿಸಿದ. ತುಟಿ ಹಲ್ಲಿಗೆ ಸಿಕ್ಕಿ ಒಡೆದು ಬಾಯೆಲ್ಲ ರಕ್ತವಾಯಿತು. ಕಣ್ಣು ಮುಚ್ಚಿಕೊಂಡೇ ಮತ್ತೆ ಬೀಸಿದೆ, ಮಂಡಿಗೆ ತಗಲಿತು. ಚೆಲ್ಲಿದ ಸಾರಿನಲ್ಲಿ ಜಾರಿ ಅಂಗಾತ ಬಿದ್ದ.

"ಏಳು ಚಿಕ್ಕವ್ವ, ಓಗಾವ" ಎಂದೆ.

ಅವಳು ಕುಕ್ಕರಗಾಲಿನಲ್ಲಿ ಕೂತು ಬಟ್ಟೆಯಿಂದ ಸಾರು ಬಳಿಯುತ್ತಿದ್ದಳು. "ತಡಿ ಮಗ, ನೆಲ ಒರಸ್ಬುಟ್ಟು ಬತ್ತೀನಿ." ಒರೆಸಿದ ಕಡೆಯೇ ಹಣೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಬಟ್ಟೆ ಕಿತ್ತೆಸೆದು, ರೆಟ್ಟೆ ಹಿಡಿದು ಬೀದಿಗೆ ಎಳೆದುಕೊಂಡು ಬಂದೆ.

ನಂಜನಗೂಡಿನಲ್ಲಿ ಬಸ್ಸು ಬದಲಾಯಿಸಿ ಸಂಜೆಯೊಳಗೆ ನಮ್ಮೂರು ಸೇರಿದೆವು. ಅವ್ವ ತಂಗಿಯ ಹಣೆಗೆ ಅರಿಶಿನ ಮೆತ್ತಿದಳು. ಆಮೇಲೆ ಎದ್ದು ಬಂದು ನನ್ನ ಒಡೆದ ತುಟಿಯ ಮೇಲೆಯೇ ಹೊಡೆದಳು.

"ಗಂಡಸಿನ್ ಮೇಲೆ ಕೈ ಮಾಡಿದ್ಯಾ. ನಾಳೆ ನಿನ್ನ ಯಾರ್ ಮದ್ವೆ ಮಾಡ್ಕತಾರೆ?"

ವಾರ ಕಳೆದ ಮೇಲೆ ಚಿಕ್ಕಪ್ಪ ಕೈಗೆ ಪಟ್ಟಿ ಕಟ್ಟಿಕೊಂಡು, ತನ್ನ ಅಣ್ಣನನ್ನೂ ಊರಿನ ಇಬ್ಬರು ಹಿರಿಯರನ್ನೂ ಕರೆದುಕೊಂಡು ಬಂದ. ನಾನು ಅವನ ಕಾಲಿಗೆ ಬೀಳಬೇಕು, ಹೆಂಡತಿ ಹೊರಡಬೇಕು ಎಂಬುದು ಮಾತು. ಅಪ್ಪ ತಲೆ ತಗ್ಗಿಸಿ ಜಗಲಿಯಲ್ಲಿ ಕೂತಿದ್ದ. ಅವ್ವ ನನ್ನ ಕತ್ತಿನ ಮೇಲೆ ಕೈಯಿಟ್ಟು ಬಗ್ಗಿಸಿದಳು. ಒಳಗಿನಿಂದ ಚಿಕ್ಕವ್ವ ಬಂದಳು.

"ಬುಡಕ್ಕ ಅವಳ್ನ. ಅವಳ್ ಬೀಳಕ್ಕಿಲ್ಲ. ನಾನೂ ಬರಕ್ಕಿಲ್ಲ."

ಚಿಕ್ಕಪ್ಪ ಎಲ್ಲರೆದುರಿಗೆ ಎಡಗೈಯಲ್ಲಿ ಅವಳ ಕೆನ್ನೆಗೆ ಬಿಗಿದ. ಚಿಕ್ಕವ್ವ ತೂರಾಡಿ ಗೋಡೆ ಹಿಡಿದಳು. ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ತಿರುಗಿಸಿ ಹೊಡೆದಳು. ಏಟು ಕೆನ್ನೆಗೆ ಸರಿಯಾಗಿ ಬೀಳಲಿಲ್ಲ, ಉಗುರು ತಾಗಿ ಅವನ ಮೂಗಿನ ಪಕ್ಕ ಗೀರಿ ರಕ್ತ ಬಂತು. ಅವನು ಮತ್ತೆ ನುಗ್ಗಿದಾಗ ತಡೆದು ಹಿಡಿದದ್ದು ಅವನ ಅಣ್ಣನೇ. "ಸಾಕು ನಡಿಲಾ. ನಮ್ ಮನೆ ಮರ್ವಾದೆ ಬೀದಿಗ್ ಬಂತು" ಎಂದು ಎಳೆದುಕೊಂಡು ಹೋದ. ಅವ್ವನ ಕೈ ನನ್ನ ಕತ್ತಿನಿಂದ ಯಾವಾಗ ಜಾರಿತೋ ತಿಳಿಯಲಿಲ್ಲ. ಚಿಕ್ಕವ್ವ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಎರಡು ವರ್ಷದ ನಂತರ ಅವಳು ತಾಂಡ್ಯದ ಕೈಗಾರಿಕಾ ಪ್ರದೇಶದ ಒಂದು ನೂಲಿನ ಕಾರ್ಖಾನೆಗೆ ಸೇರಿ ನಂಜನಗೂಡಿನಲ್ಲಿ ಒಂದು ಕೋಣೆ ಹಿಡಿದಳು. ಕಾಲೇಜಿಗೆಂದು ನಾನೂ ಜೊತೆಗಿದ್ದೆ. ಮೊದಮೊದಲು ಯಂತ್ರದಲ್ಲಿ ನೂಲು ಕಡಿದಾಗಲೆಲ್ಲ ಅವಳು ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳುತ್ತಿದ್ದಳಂತೆ. ಒಂದು ದಿನ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತು ಹೇಳಿದಳು:

"ಇವತ್ತು ಮೂರು ಉಂಡೆ ನೂಲು ಕೆಡಿಸ್ದೆ ಕಣ್ ಮಗ. ಸೂಪರ್‌ವೈಸರ್ ಬೈದ, ಒಂಟೋದ. ಯಾರೂ ಒಡೀನಿಲ್ಲ."

ಹೇಳಿ ನಕ್ಕಳು, ನಗುತ್ತಲೇ ಬಹಳ ಹೊತ್ತು ಅತ್ತಳು. ಆ ವರ್ಷ ನಾನು ಇಂಗ್ಲಿಷಿನಲ್ಲಿ ಫೇಲಾದೆ. ಇನ್ನು ಓದಲ್ಲ ಎಂದು ಚಾಪೆ ಹಿಡಿದು ಮಲಗಿದ್ದ ನನ್ನನ್ನು ಅವಳೇ ಎಬ್ಬಿಸಿದಳು. "ಫೇಲಾದ್ರೆ ಸತ್ತೋದಾರಾ? ಎದ್ದು ಇನ್ನೊಂದಪ ಬರ್ದ್ ಬಾ ಓಗು." ಬರೆದೆ. ಮೂವತ್ತೇಳು ಅಂಕ ಬಂತು.

ಮುಂದೆ ಹೊಸಬರಿಗೆ ಕೆಲಸ ಕಲಿಸುವುದು ಅವಳ ಪಾಲಿಗೆ ಬಂತು. ಹಳ್ಳಿಗಳಿಂದ ಬರುತ್ತಿದ್ದ ಹುಡುಗಿಯರು ಯಂತ್ರದ ಮುಂದೆ ಬೆವರುತ್ತಾ, ಎಲ್ಲಿ ಕಡಿದುಬಿಡುತ್ತದೋ ಎಂದು ಕೈ ಹಾಕಲು ಹೆದರುತ್ತಿದ್ದರಂತೆ. ಚಿಕ್ಕವ್ವ ಅವರ ಕಣ್ಣೆದುರಿಗೇ ಚೆನ್ನಾಗಿ ಓಡುತ್ತಿದ್ದ ನೂಲನ್ನು ಬೆರಳಿನಿಂದ ಪಟ್ಟೆಂದು ಕಡಿದು, "ಈಗ ಕಟ್ಟು" ಎನ್ನುತ್ತಿದ್ದಳು.