ಲೈನ್ ಮತ್ತು ಒಂದು ಬಟ್ಟೆ ಚೀಲ

ಅಕ್ಕಿ ಮೂಟೆಯ ಹಿಂದೆ ಇಂದು ಆ ಬಟ್ಟೆ ಚೀಲ ಸಿಕ್ಕಿತು. ಹಳೇ ಸೀರೆಯ ತುಂಡಿನಲ್ಲಿ ನಾನೇ ಹೊಲಿದದ್ದು. ಮೂಸಿದರೆ ಇನ್ನೂ ಸುಟ್ಟ ವೈರಿನ ವಾಸನೆ...

ಬೆಟ್ಟದಪುರದ ಹತ್ತಿರದ ನಮ್ಮೂರಲ್ಲಿ ಲೈನ್ ಅಂದರೆ ಒಬ್ಬೊಬ್ಬರಿಗೆ ಒಂದೊಂದು. ನನ್ನ ಮಗಳಿಗೆ ಸ್ಕೇಲಿಟ್ಟು ಎಳೆಯುವ ಗೆರೆ. ಅತ್ತೆಗೆ ರೇಷನ್ ಅಂಗಡಿ ಮುಂದಿನ ಸಾಲು. ಕೊಡಗಿನ ತೋಟದಲ್ಲಿ ದುಡಿದು ಬಂದ ಚಿಕ್ಕಮ್ಮನಿಗೆ ಒಂದಕ್ಕೊಂದು ಅಂಟಿಕೊಂಡ ಕೂಲಿ ಮನೆಗಳು. ಲೈನ್ ಹೊಡೆಯುವ ಪಡ್ಡೆ ಹುಡುಗರ ಸುದ್ದಿ ಬೇಡವೇ ಬೇಡ. ನನಗೆ ಮಾತ್ರ ಲೈನ್ ಅಂದರೆ ಕರೆಂಟಿನ ತಂತಿ, ಅದರ ಭಯ. ಅದಕ್ಕೆ ಕಾರಣ ಕಂಬ ಹತ್ತುತ್ತಿದ್ದ ನಮ್ಮೂರ ಲೈನ್‌ಮನ್, ನಾನು ಅಣ್ಣ ಎನ್ನುತ್ತಿದ್ದವರು.

ನನ್ನ ಅಂಗಡಿಯ ಎದುರೇ ಟ್ರಾನ್ಸ್‌ಫಾರ್ಮರ್. ಕಂಬ ಹತ್ತುವ ಮುಂಚೆ ಅವರು ಅದರ ಫ್ಯೂಸುಗಳನ್ನು ಕಿತ್ತು ತಂದು ನನ್ನ ಚೀಲಕ್ಕೆ ಹಾಕುತ್ತಿದ್ದರು. "ತಗೋಳವ್ವ, ನನ್ ಜೀವ ನಿನ್ ಕೈಲದೆ. ನಾನೇ ಬಂದು ಕೇಳೋಗಂಟ ದೇವ್ರು ಬಂದ್ರೂ ಕೊಡ್ಬ್ಯಾಡ." ಅವರು ನಗುತ್ತಿದ್ದರು, ನಾನು ಚೀಲದ ಬಾಯಿ ಬಿಗಿದು ಕಟ್ಟುತ್ತಿದ್ದೆ. ನಮ್ಮೂರ ಗಂಡಸರೋ, ಕರೆಂಟ್ ಹೋದರೆ ತಾವೇ ಫ್ಯೂಸ್ ಹಾಕಿಕೊಳ್ಳುವ ಮಹಾಶೂರರು!

ಒಂದು ಬೇಸಿಗೆ, ನಾನು ಮಾವ ಎನ್ನುತ್ತಿದ್ದ ಪಕ್ಕದ ಹೊಲದವರು ಬಂದು ಕೂಗಾಡಿದರು. "ಪಂಪ್ ನಿಂತು ಒಗೆಸೊಪ್ಪಿನ ಸಸಿ ಒಣಗ್ತಾವೆ, ಕೊಡವ್ವ ಫ್ಯೂಸ್ನ. ಅವ್ನು ಯಾವಾಗ್ಲೋ ಇಳ್ದೋಗವ್ನೆ!"

"ಇಳ್ದಿದ್ರೆ ಇಲ್ಲಿಗೇ ಬತ್ತಿದ್ರು. ಕೊಡಕಿಲ್ಲ, ಓಗಿ ಮಾವ."

ಅವರು ಚೀಲಕ್ಕೇ ಕೈ ಹಾಕಿದರು. ಕಿತ್ತುಕೊಂಡು ಅದರ ಮೇಲೇ ಕೂತುಬಿಟ್ಟೆ. ಬೈಗುಳ ಮುಗಿಯುವ ಮುಂಚೆಯೇ ಅಣ್ಣ ಬೆವರೊರೆಸುತ್ತ ಕೆರೆ ಕಡೆಯಿಂದ ಬಂದರು. ಅಷ್ಟು ಹೊತ್ತೂ ಕಂಬದ ಮೇಲೇ ಇದ್ದರಂತೆ. ಮಾವ ಹೊಲದ ಕಡೆ ಹೊರಟುಹೋದರು.

ಆಮೇಲೆ ಅಣ್ಣನಿಗೆ ಕೆ.ಆರ್. ನಗರದ ಕಡೆಗೆ ವರ್ಗವಾಯಿತು. ಒಂದು ಮಧ್ಯಾಹ್ನ ಅವರ ಹೆಂಡತಿಯ ಫೋನು. "ಅಕ್ಕ..." ಎಂದವರ ಮಾತು ಅಲ್ಲಿಗೇ ನಿಂತಿತು. "ಲೈನಲ್ಲಿದೀರಾ? ಲೈನಲ್ಲಿದೀರಾ?" ಎಂದು ಕೇಳುತ್ತಲೇ ಇದ್ದೆ... ಹೆಣ ಇಳಿಸಿದಾಗ ಫ್ಯೂಸುಗಳು ಅಣ್ಣನ ಜೇಬಿನಲ್ಲೇ ಇದ್ದವಂತೆ. ಅವರು ಕಂಬದ ಮೇಲಿದ್ದಾಗಲೇ ಯಾರೋ ಫ್ಯೂಸಿನ ಜಾಗಕ್ಕೆ ವೈರು ಸುತ್ತಿ ಕರೆಂಟ್ ಕೊಟ್ಟಿದ್ದರು. ಅಲ್ಲಿ ಟ್ರಾನ್ಸ್‌ಫಾರ್ಮರ್ ಎದುರಿಗೆ ಅಂಗಡಿ ಇರಲಿಲ್ಲ.

ಈಗ ಹೊಸ ಲೈನ್‌ಮನ್ ನಮ್ಮ ಬೀದಿಯ ಕಂಬ ಹತ್ತುತ್ತಿದ್ದಾನೆ. ಖಾಲಿ ಚೀಲ ಹಿಡಿದು ಓಡಿದೆ. "ಫೋನಲ್ಲೇ ಲೈನ್ ಆಫ್ ಮಾಡ್ಸಿವ್ನಿ ಕಣಕ್ಕ, ಎದರ್ಕೋಬ್ಯಾಡಿ" ಎಂದು ನಕ್ಕ. ಥೇಟ್ ಅದೇ ನಗು. ಅಂಗಡಿ ಮುಂದೆ ಗಿರಾಕಿಗಳು ಕೂಗುತ್ತಿದ್ದಾರೆ. ಕೂಗಲಿ. ಅವನು ನೆಲಕ್ಕೆ ಕಾಲಿಡುವವರೆಗೆ ಈ ಟ್ರಾನ್ಸ್‌ಫಾರ್ಮರ್ ಬಿಟ್ಟು ನಾನು ಕದಲುವುದಿಲ್ಲ.