ಡಾಕ್ಟರು ಹೇಳದ ಮಾತು

ವನಜಾ, ಆವತ್ತು ಡಾಕ್ಟರು ಹಾಗೆ ಹೇಳಿರಲಿಲ್ಲ. ಹೇಳಿದವಳು ನಾನು. ನೀನು ಬಾಯ್ತುಂಬ ಅಕ್ಕ ಎಂದು ಕರೆಯುವ ಈ ಓರಗಿತ್ತಿ, ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದಳು.

ತೊಂಬತ್ತರ ದಶಕದ ನಡುವಿನ ಮಾತು. ನೀನು ಜೋಗುಪಾಳ್ಯದ ಮನೆಗೆ ಸೊಸೆಯಾಗಿ ಬಂದ ಮೊದಲ ಚಳಿಗಾಲ. ಅತ್ತೆಗೆ ಮೂಗಿನಲ್ಲಿ ರಕ್ತ ಬರುವುದು ಆ ಮನೆಗೆ ಹೊಸದಲ್ಲ. ಡಿಸೆಂಬರಿನ ಒಣಗಾಳಿ ಬೀಸತೊಡಗಿದರೆ ತುಟಿ ಬಿರಿಯುತ್ತಿತ್ತು, ಮೂಗು ಒಣಗಿ ಒಡೆಯುತ್ತಿತ್ತು, ದಿಂಬಿನ ಮೇಲೆ ಕಲೆ. ಹದಿನಾಲ್ಕು ವರ್ಷ ಆ ಮೂಗಿಗೆ ತುಪ್ಪ ಸವರಿದವಳು ನಾನು, ಆ ದಿಂಬಿನ ಚೀಲ ಒಗೆದವಳೂ ನಾನೇ.

ನೀನು ಬಂದು ಒಂದು ತಿಂಗಳೂ ಆಗಿರಲಿಲ್ಲ. ನೀನೇ ಅತ್ತೆಯ ಮಂಚದ ಮೇಲ್ಗಡೆ ಹಗ್ಗ ಕಟ್ಟಿ ಹಳೆಯ ನೂಲಿನ ಸೀರೆಯನ್ನು ಒದ್ದೆ ಮಾಡಿ ಹರವಿದೆ. ಕಿಟಕಿಯ ಕೆಳಗೆ ಎರಡು ಅಗಲವಾದ ಬೋಗುಣಿಯಲ್ಲಿ ನೀರಿಟ್ಟೆ. ಇದೇನೇ ಅಂತ ನಾನು ಕೇಳಿದರೆ, "ನಮ್ಮಪ್ಪ ಮಿಲ್ಲಲ್ಲಿದ್ರಲ್ಲ ಅಕ್ಕ, ಅಲ್ಲಿ ಗಾಳಿ ಒಣಗಿದ್ರೆ ದಾರ ಪಟ್ ಅಂತ ಕಿತ್ತೋಗ್ತಿತ್ತಂತೆ. ಅದಕ್ಕೆ ತೇವ ಮಾಡ್ತಿದ್ರಂತೆ. ಮೂಗಿನೊಳಗಿನ ಚರ್ಮ ದಾರಕ್ಕಿಂತ ಗಟ್ಟಿನಾ?" ಅಂದೆ.

ನಾಲ್ಕೇ ದಿನಕ್ಕೆ ರಕ್ತ ನಿಂತಿತು.

ಅತ್ತೆ ಎದುರುಮನೆಯವರನ್ನು ಕರೆದು, ನಾನು ಕಾಫಿ ಕೊಡುತ್ತಿದ್ದಾಗಲೇ, "ಇಷ್ಟು ವರ್ಷ ಯಾರಿಗೂ ಹೊಳೀದಿದ್ದು ಈ ಹುಡುಗಿಗೆ ಹೊಳೀತು ನೋಡಿ" ಅಂದರು. ಯಾರಿಗೂ ಅಂದರೆ ನನಗೆ—ಇನ್ಯಾರಿಗೆ? ಆಮೇಲೆ ಸಂಜೆ ಗೇಟಿನ ಸದ್ದಾದರೆ ಸಾಕು, ಅತ್ತೆ "ವನಜಾ ಬಂದ್ಲಾ?" ಅನ್ನುವರು. ದಿನವಿಡೀ ಪಕ್ಕದಲ್ಲೇ ಇದ್ದ ನನ್ನನ್ನು ಯಾರು ಹಾಗೆ ಕೇಳಬೇಕು?

ನೀನು ಎಂಟು ಗಂಟೆಗೆ ಶಿವಾಜಿನಗರದ ಆಫೀಸಿಗೆ ಹೊರಡುತ್ತಿದ್ದೆ. "ಅಕ್ಕ, ಮಧ್ಯಾಹ್ನ ಸೀರೆ ಇನ್ನೊಂದ್ಸಲ ಒದ್ದೆ ಮಾಡ್ಬಿಡಿ" ಎಂದು ನಂಬಿ ಹೇಳಿ ಹೋಗುತ್ತಿದ್ದೆ. ನಾನು ಆ ಸೀರೆಯನ್ನು ತೆಗೆದು ಮಹಡಿಯ ಬಿಸಿಲಿಗೆ ಹಾಕುತ್ತಿದ್ದೆ. ಬೋಗುಣಿಯ ನೀರನ್ನು ತುಳಸಿಗೆ ಸುರಿಯುತ್ತಿದ್ದೆ. ನೀನು ಬರುವ ಮುಂಚೆ ಎಲ್ಲವೂ ಮತ್ತೆ ಒದ್ದೆ, ಮತ್ತೆ ತುಂಬಿದ್ದು. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು, ಅವರಿಗೆ ಕಾಣಿಸುತ್ತಿರಲಿಲ್ಲ. ಒಂದು ವಾರ—ಅಲ್ಲ, ಒಂಬತ್ತು ದಿನ. ಎಣಿಸಿದ್ದೇನೆ.

ಒಂಬತ್ತನೆಯ ದಿನ ಮಧ್ಯಾಹ್ನ ರಕ್ತ ಬಂತು, ನಿಲ್ಲಲೇ ಇಲ್ಲ. ಬಾಯಿಗೆಲ್ಲ ಇಳಿಯಿತು. ಆಟೋದಲ್ಲಿ ಹಲಸೂರಿನ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅವರು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು. ಡಾಕ್ಟರು ಮೂಗಿಗೆ ಬಟ್ಟೆ ತುರುಕಿ ರಕ್ತ ನಿಲ್ಲಿಸಿ, ನನ್ನನ್ನು ಹೊರಗೆ ಕರೆದು, "ಗಾಳಿ ತುಂಬಾ ಒಣಗಿದೆಯಮ್ಮ. ಕೋಣೆಯಲ್ಲಿ ಒದ್ದೆ ಬಟ್ಟೆನೋ ನೀರೋ ಇಡಿ" ಅಂದರು. ನೀನು ಮಾಡಿದ್ದನ್ನೇ, ವನಜಾ.

ನಾವು ಮನೆಗೆ ಮರಳಿದ ಮೇಲೆ ನೀನು ಆಫೀಸಿನಿಂದ ಓಡಿ ಬಂದು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತೆ. "ಏನಂದ್ರು ಅಕ್ಕ?"

"ನಿನ್ನ ಒದ್ದೆ ಬಟ್ಟೆಯಿಂದ್ಲೇ ಹಿಂಗಾಗಿದ್ದಂತೆ. ತೇವಕ್ಕೆ ಶೀತ ಹಿಡಿದು ನರ ಒಡೀತಂತೆ."

ನೀನು ಒಳಗೆ ಹೋಗಿ ಹಗ್ಗ ಬಿಚ್ಚಿದೆ. ಅತ್ತೆ ಆಮೇಲೆ ನಿನ್ನ ಕೈಯಿಂದ ಮಾತ್ರೆಯನ್ನೂ ತೆಗೆದುಕೊಳ್ಳಲಿಲ್ಲ. ವರ್ಷ ತುಂಬುವ ಮುಂಚೆ ನೀನೂ ನಿನ್ನ ಗಂಡನೂ ಸಿ.ವಿ. ರಾಮನ್ ನಗರದಲ್ಲಿ ಬಾಡಿಗೆ ಮನೆ ಹಿಡಿದಿರಿ. ನನಗೆ ಸಂತೋಷವಾಯಿತು. ಈಗ ಅದನ್ನೂ ಮುಚ್ಚಿಡುವುದಿಲ್ಲ.

ಇನ್ನೂ ಇದೆ. ಮುಂದಿನ ಚಳಿಗಾಲ ಅತ್ತೆಯ ಮಂಚದ ಕೆಳಗೆ ನಾನೇ ನೀರಿಟ್ಟೆ, ಬಾಗಿಲ ಹಿಂದೆ ಒದ್ದೆ ಟವೆಲು ಹರವಿದೆ. ರಕ್ತ ಬರಲಿಲ್ಲ. "ರತ್ನಳ ಕೈಗುಣ" ಎಂದು ಅತ್ತೆ ಸಾಯುವವರೆಗೂ ಹೇಳಿದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ವಿನಯ ಅಂದುಕೊಂಡರು ಎಲ್ಲರೂ.

ಆದರೆ ನನ್ನನ್ನು ಸುಡುವುದು ಅದಲ್ಲ. ನಿನ್ನ ಮಗಳು ಸುಮಾಗೆ ಐದು ವರ್ಷವಿದ್ದಾಗ, ಒಂದು ಜನವರಿಯ ಬೆಳಿಗ್ಗೆ ನಿಮ್ಮ ಮನೆಗೆ ಬಂದಿದ್ದೆ. ಮಗು ಮೂಗಿಗೆ ಹತ್ತಿ ಇಟ್ಟುಕೊಂಡು ಉಪ್ಪಿಟ್ಟು ತಿನ್ನುತ್ತಿತ್ತು. ಚಳಿ ಬಂದರೆ ಹೀಗೇ ಎಂದೆ ನೀನು, ಸ್ಕೂಲಿನ ಎರಡು ಅಂಗಿ ಹಾಳಾದವು ಎಂದೆ. ನಿನ್ನ ಪಕ್ಕದ ಮನೆಯವಳು "ರೂಮಲ್ಲಿ ಸ್ವಲ್ಪ ನೀರಿಡಿ ರೀ" ಎಂದಳು. ನೀನು ಬೆಚ್ಚಿದ ಹಾಗೆ, "ಅಯ್ಯೋ ಬೇಡ! ನಮ್ಮತ್ತೆಗೆ ಅದ್ರಿಂದ್ಲೇ ಜೀವಕ್ಕೆ ಬಂದ್ಬಿಟ್ಟಿತ್ತು. ಅಕ್ಕನ್ನೇ ಕೇಳಿ" ಅಂದೆ. ಇಬ್ಬರೂ ನನ್ನ ಕಡೆ ನೋಡಿದಿರಿ.

ಒಂದು ಮಾತು ಸಾಕಿತ್ತು. ನಾನು—ಹೌದು ಎಂದು ತಲೆಯಾಡಿಸಿದೆ.

ಅಂದು ನನಗೆ ನಿನ್ನ ಮೇಲೆ ಅಸೂಯೆ ಇತ್ತೇ? ಇತ್ತು. ಅಷ್ಟೆಲ್ಲ ಆದ ಮೇಲೂ ಅಕ್ಕ ಎಂದು ನಂಬಬಲ್ಲ ನಿನ್ನ ಮನಸ್ಸಿನ ಮೇಲೆ. ಆ ಮಗು ಇನ್ನೂ ನಾಲ್ಕು ಚಳಿಗಾಲ ಹತ್ತಿ ಇಟ್ಟುಕೊಂಡು ಸ್ಕೂಲಿಗೆ ಹೋಯಿತು. ಅದಕ್ಕೆ ನನ್ನ ಬಳಿ ಯಾವ ಸಮಜಾಯಿಷಿಯೂ ಇಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ನಾನೇ ತಂದು ನಿನಗೂ ಸುಮಾಗೂ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಎದ್ದು ಹೋಗು ಎಂದರೆ, ಆಗ ಏಳುತ್ತೇನೆ.